ಟೈರ್ ಅಂಗಡಿಯಲ್ಲಿ ಬೆಂದ ಪಾದ

ಮನೆಯ ಮಿಕ್ಸಿಯ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೂರು ಹಿತ್ತಾಳೆ ಕಡ್ಡಿಗಳು ಹೊರಗೆ ಚಾಚಿವೆ, ಹಿಂದಿನಿಂದ ವೈರು ಒಳಗೆ ಹೋಗಿದೆ. ಬಿಚ್ಚೋಣ ಅಂದರೆ ಒಂದು ಸ್ಕ್ರೂ ಕೂಡ ಇಲ್ಲ. ಅಂಟಿಸಿದ ಗುರುತೂ ಇಲ್ಲ. ವೈರಿಗೆ ಕಡ್ಡಿಗಳನ್ನು ಸೇರಿಸಿ, ಅದನ್ನು ಹಾಗೇ ಅಚ್ಚಿನೊಳಗೆ ಮಲಗಿಸಿ, ಸುತ್ತಲೂ ಕರಗಿದ ಪ್ಲಾಸ್ಟಿಕ್ ತುಂಬಿಸಿ ಆರಿಸಿದ್ದಾರೆ. ಹಲ್ಲುಜ್ಜುವ ಬ್ರಷ್ಷಿನ ಗಟ್ಟಿ ಹಿಡಿಯ ಮೇಲೆ ಮೆತ್ತನೆಯ ಬಣ್ಣದ ಪಟ್ಟಿ ಇರುತ್ತದಲ್ಲ, ಅದೂ ಇದೇ ಬಗೆ. ಮೊದಲು ಗಟ್ಟಿ ಹಿಡಿಯ ಅಚ್ಚು, ಆಮೇಲೆ ಅದರ ಮೇಲೆ ಮೆತ್ತನೆಯದರ ಅಚ್ಚು.

ಕಾರ್ಖಾನೆಯವರು ಇದಕ್ಕೆ ಓವರ್‌ಮೋಲ್ಡಿಂಗ್ ಅನ್ನುತ್ತಾರೆ. ನಾವು ಸದ್ಯಕ್ಕೆ ಮೇಲಚ್ಚು ಅನ್ನೋಣ. ಒಂದು ವಸ್ತುವಿನ ಮೇಲೆ ಇನ್ನೊಂದು ವಸ್ತುವನ್ನು ಅಚ್ಚಿನಲ್ಲೇ ಹೊದಿಸಿ ಎರಡನ್ನೂ ಒಂದೇ ಮಾಡುವುದು, ಅಷ್ಟೇ. ಗಟ್ಟಿತನ ಒಳಗಿನದು ಕೊಡುತ್ತದೆ, ಹಿಡಿತವನ್ನೋ ಶಾಕ್ ಹೊಡೆಯದ ಗುಣವನ್ನೋ ಹೊರಗಿನದು ಕೊಡುತ್ತದೆ. ಆಸೆ ಹಳೆಯದೇ. ಚಾಕುವಿನ ಅಲಗನ್ನು ಹಿಡಿಗೆ ಅರಗು ಹಾಕಿ ಕೂರಿಸುತ್ತಿದ್ದವರ, ಚನ್ನಪಟ್ಟಣದಲ್ಲಿ ತಿರುಗುವ ಮರದ ಗೊಂಬೆಗೆ ಅರಗಿನ ಬಣ್ಣ ಒತ್ತುವವರ ಆಸೆಯೂ ಇದೇ ಜಾತಿಯದು.

ಪ್ಲಾಸ್ಟಿಕ್ಕಿನ ಕಾಲದಲ್ಲಿ ಇದು ಶುರುವಾದದ್ದು ವಿದ್ಯುತ್ತಿನಿಂದ. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ಮಾಡಿದರು. ಹಳೇ ಮನೆಗಳ ಗೋಡೆಯಲ್ಲಿ ಈಗಲೂ ಕಾಣುವ ದುಂಡನೆಯ ಕಪ್ಪು ಸ್ವಿಚ್ಚು ನೆನಪಿಸಿಕೊಳ್ಳಿ, ಅದೇ ಬೇಕಲೈಟ್. ಹಿತ್ತಾಳೆಯ ಚಿಕ್ಕ ತುಂಡುಗಳನ್ನು ಅಚ್ಚಿನಲ್ಲೇ ಇಟ್ಟು ಅವುಗಳ ಸುತ್ತ ಬೇಕಲೈಟ್ ಒತ್ತಿದರೆ, ಹೊರಗಿನಿಂದ ಮುಟ್ಟಿದರೂ ಶಾಕ್ ಹೊಡೆಯದ ಸಾಮಾನು ತಯಾರು. ಆಮೇಲೆ ರೇಡಿಯೋ ತಿರುಪು, ಕುಕ್ಕರ್ ಹಿಡಿ ಎಲ್ಲ ಅದೇ ದಾರಿಯಲ್ಲಿ ಬಂದವು.

ಇದರಲ್ಲೊಂದು ತೊಡಕಿದೆ. ಪ್ಲಾಸ್ಟಿಕ್ ಅಗ್ಗ, ಅಚ್ಚು ಅಗ್ಗವಲ್ಲ. ಕರಗಿದ ಪ್ಲಾಸ್ಟಿಕ್ಕನ್ನು ಭಾರೀ ಒತ್ತಡದಲ್ಲಿ ನುಗ್ಗಿಸುವಾಗ ಅಚ್ಚು ಬಾಯಿ ಬಿಡಬಾರದು, ಲಕ್ಷ ಸಲ ತೆರೆದು ಮುಚ್ಚಿದರೂ ಸವೆಯಬಾರದು. ಅದಕ್ಕೆ ಗಟ್ಟಿ ಉಕ್ಕು ಬೇಕು, ನುರಿತ ಕೈ ಬೇಕು, ವಾರಗಟ್ಟಲೆ ಕೆಲಸ ಬೇಕು. ಮೇಲಚ್ಚಾದರೆ ಒಂದಲ್ಲ, ಎರಡು ಅಚ್ಚು. ಲೆಕ್ಕಕ್ಕೆ ಅಚ್ಚಿನ ಖರ್ಚು 5 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಲಕ್ಷ ಬ್ರಷ್ ಮಾಡಿದರೆ ಬ್ರಷ್ಷಿಗೆ 5 ರೂಪಾಯಿ ಬೀಳುತ್ತದೆ. 500 ಮಾತ್ರ ಮಾಡಿದರೆ ಒಂದೊಂದಕ್ಕೆ ಸಾವಿರ ರೂಪಾಯಿ. ಅಚ್ಚು ಲಕ್ಷ ಜನರನ್ನು ಕೇಳುತ್ತದೆ. ಐನೂರು ಜನರಿಗೆ ಮಾತ್ರ ಬೇಕಾದ ವಸ್ತುವನ್ನು ಯಾರು ಮಾಡುತ್ತಾರೆ?

ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ಉತ್ತರ ಸಿಕ್ಕಿತು. ಸಿಕ್ಕಿದ್ದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಲ್ಲ, ರಾಜಸ್ಥಾನದ ಜೈಪುರದ ಸರ್ಕಾರಿ ಆಸ್ಪತ್ರೆಗೂ ಟೈರ್ ರಿಸೋಲ್ ಮಾಡುವ ಅಂಗಡಿಗೂ ನಡುವೆ. ಜೈಪುರ ಕಾಲು ಅಂತ ನೀವೆಲ್ಲ ಹೆಸರು ಕೇಳಿರುತ್ತೀರಿ. ತಾಲ್ಲೂಕು ಕೇಂದ್ರದಲ್ಲಿ ಉಚಿತ ಕೃತಕ ಕಾಲು ಜೋಡಣಾ ಶಿಬಿರ ಅಂತ ಬ್ಯಾನರ್ ಕಟ್ಟುತ್ತಾರಲ್ಲ, ಅಲ್ಲಿ ಬಹಳ ಸಲ ಕೊಡುವುದು ಇದನ್ನೇ. ಮರುದಿನದ ಪೇಪರಿನ ಫೋಟೋದಲ್ಲಿ ಗಣ್ಯರ ಮುಖಗಳು ಕಾಣುತ್ತವೆ, ಕಾಲು ಕಾಣುವುದಿಲ್ಲ. ಹಾಗಾಗಿ ಆ ಪಾದದ ಒಳಗೆ ಏನಿದೆ ಅಂತ ಬರೆಯೋಣ ಅನ್ನಿಸಿತು.

1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಾಗಿದ್ದವರು ಡಾ. ಪ್ರಮೋದ್ ಕರಣ್ ಸೇಠಿ. ಕಾಲು ಕಳೆದುಕೊಂಡವರಿಗೆ ಆಗ ಸಿಗುತ್ತಿದ್ದುದು ಹೊರದೇಶದ ನಮೂನೆಯ ಪಾದ. ಅದರ ಹೆಸರು ಸ್ಯಾಚ್ ಫುಟ್. 1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ನಡುವೆ ಮರದ ಗಟ್ಟಿ ತುಂಡು, ಸುತ್ತ ಸ್ಪಂಜಿನಂಥ ರಬ್ಬರಿನ ಹೊದಿಕೆ, ಹಿಮ್ಮಡಿಯಲ್ಲಿ ಮೆತ್ತೆ. ಅಂದರೆ ಅದೂ ಮೇಲಚ್ಚಿನದೇ. ಕೆಟ್ಟ ಪಾದವೇನಲ್ಲ. ಸಿಮೆಂಟ್ ನೆಲದ ಮೇಲೆ, ಬೂಟಿನೊಳಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಬೂಟಿನೊಳಗೆ ಅನ್ನುವುದೇ ಇಲ್ಲಿ ಸಮಸ್ಯೆ. ಆ ಪಾದ ಬೂಟು ಹಾಕುವವರಿಗಾಗಿ, ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದ್ದು. ನಮ್ಮಲ್ಲಿ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ, ದೇವಸ್ಥಾನಕ್ಕೂ ಹಾಕುವುದಿಲ್ಲ. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಬಯಲಿಗೆ ಹೋದರೆ ಕುಕ್ಕರುಗಾಲಲ್ಲಿ ಕೂರಬೇಕು. ಕಳೆ ಕೀಳುವಾಗ, ಹಾಲು ಕರೆಯುವಾಗ, ಒಲೆ ಊದುವಾಗ ಎಲ್ಲ ಕುಕ್ಕರುಗಾಲೇ. ಕುಕ್ಕರು ಕೂತಾಗ ನಿಮ್ಮ ಪಾದ ಎಷ್ಟು ಮೇಲಕ್ಕೆ ಮಡಚುತ್ತದೆ ಅಂತ ಈಗಲೇ ಕೂತು ನೋಡಿ. ಸ್ಯಾಚ್ ಪಾದದ ಕಣಕಾಲು ಮಡಚುವುದೇ ಇಲ್ಲ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಪಾದ ಎಡಕ್ಕೂ ಬಲಕ್ಕೂ ಹೊರಳಬೇಕು, ಅದೂ ಆಗದು. ಬರಿಗಾಲಲ್ಲಿ ಹಾಗೇ ನಡೆದರೆ ಹೊದಿಕೆ ಹರಿಯುತ್ತದೆ, ಒಳಗೆ ನೀರು ಸೇರುತ್ತದೆ.

ಹೀಗಾಗಿ ಸೇಠಿಯವರ ರೋಗಿಗಳು ದೂರದಿಂದ ಕಷ್ಟಪಟ್ಟು ಪಡೆದ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಈ ಮಾತು ನಮಗೆ ಮುಖ್ಯ ಅನ್ನಿಸುತ್ತದೆ. ರೈತನಿಗೆ ಕಾಲು ಹೋದರೆ ಹೋಗುವುದು ಕಾಲು ಮಾತ್ರವಲ್ಲ, ಆ ವರ್ಷದ ಬೆಳೆಯೂ ಹೋಗುತ್ತದೆ. ಕೂಲಿ ಮಾಡುವವರಿಗೆ ದಿನದ ಕೂಲಿಯೇ ಹೋಗುತ್ತದೆ. ಮನೆಯೊಳಗೆ ನಡೆಯಲಾಗದ, ಹೊಲದಲ್ಲಿ ಇಳಿಯಲಾಗದ ಕಾಲು ಕೊಟ್ಟರೆ ಅದು ಫೋಟೋಕ್ಕೆ ಮಾತ್ರ ಕಾಲು.

ಅದೇ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಇದ್ದರು. ಎಲ್ಲರೂ ಮಾಸ್ಟರ್‌ಜಿ ಎಂದೇ ಕರೆಯುತ್ತಿದ್ದರು. ಓದಿದ್ದು ಪ್ರಾಥಮಿಕ ಶಾಲೆಯಷ್ಟು, ಕೈಕೆಲಸ ಮಾತ್ರ ಅಸಾಧಾರಣ. ರೋಗಿಗಳಿಗೆ ಕೈಕಸುಬು ಕಲಿಸಲು ಬಂದವರು ಕೃತಕ ಕಾಲಿನ ಕೆಲಸದಲ್ಲಿ ಸಿಕ್ಕಿಕೊಂಡರು. ಅವರ ಬಗ್ಗೆ ಒಂದು ಕತೆ ಪ್ರಚಾರದಲ್ಲಿದೆ. ಒಂದು ದಿನ ಸೈಕಲ್ ಪಂಕ್ಚರ್ ಆಗಿ ಅಂಗಡಿಯಲ್ಲಿ ನಿಂತಿದ್ದಾಗ, ಪಕ್ಕದಲ್ಲಿ ಲಾರಿ ಟೈರಿಗೆ ಹೊಸ ರಬ್ಬರ್ ಹಾಕಿ ಬೇಯಿಸುವುದನ್ನು ಕಂಡರಂತೆ. ಇಂಥ ಕತೆಗಳು ಹೇಳುತ್ತ ಹೇಳುತ್ತ ನುಣುಪಾಗುತ್ತವೆ, ಅದಿರಲಿ. ಜೈಪುರ ಪಾದ ಹುಟ್ಟಿದ್ದು ಟೈರ್ ರಿಸೋಲ್ ಮಾಡುವ ವಿದ್ಯೆಯಿಂದ ಅನ್ನುವುದರಲ್ಲಿ ಅನುಮಾನವಿಲ್ಲ.

ರಿಸೋಲ್ ಹೇಗೆ ಮಾಡುತ್ತಾರೆ ಅಂತ ನಮ್ಮ ಓದುಗರಲ್ಲಿ ಟ್ರ್ಯಾಕ್ಟರ್, ಲಾರಿ ಇಟ್ಟವರಿಗೆ ಗೊತ್ತಿರುತ್ತದೆ. ಸವೆದ ಟೈರನ್ನು ಉಜ್ಜಿ ಒರಟು ಮಾಡಿ, ಮೇಲೆ ಹಸಿ ರಬ್ಬರಿನ ಪಟ್ಟಿ ಸುತ್ತಿ, ಅಚ್ಚಿನಲ್ಲಿ ಬಿಗಿದು ಕಾವು ಕೊಡುತ್ತಾರೆ. ಹಸಿ ರಬ್ಬರಿನಲ್ಲಿ ಗಂಧಕ ಬೆರೆತಿರುತ್ತದೆ. ಕಾವು ತಾಗಿದಾಗ ಗಂಧಕವು ರಬ್ಬರಿನ ಎಳೆ ಎಳೆಗೂ ಗಂಟು ಹಾಕುತ್ತದೆ. ಅಂಟಂಟಾಗಿದ್ದ ರಬ್ಬರು ಪುಟಿಯುವ ಗಟ್ಟಿ ರಬ್ಬರಾಗುತ್ತದೆ, ಹಳೆಯದಕ್ಕೂ ಹೊಸದಕ್ಕೂ ನಡುವೆ ಗೆರೆ ಉಳಿಯುವುದಿಲ್ಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ಪಂಕ್ಚರ್ ಅಂಗಡಿಯ ಬಿಸಿ ಪ್ಯಾಚಿನಲ್ಲಿ ನಡೆಯುವುದೂ ಇದೇ.

ಜೈಪುರದವರು ಈ ವಿದ್ಯೆಯನ್ನು ಪಾದಕ್ಕೆ ತಂದರು. ಪಾದದ ತುಂಬ ಗಟ್ಟಿ ರಬ್ಬರೇ ತುಂಬಿದರೆ ಭಾರ, ಮಡಚುವುದೂ ಇಲ್ಲ. ಬರೀ ಸ್ಪಂಜು ರಬ್ಬರಾದರೆ ಮಡಚುತ್ತದೆ, ಬಾಳುವುದಿಲ್ಲ. ಆದ್ದರಿಂದ ಪಾದವನ್ನು ಮೂರು ತುಂಡು ಮಾಡಿದರು. ಕಣಕಾಲಿನ ಜಾಗಕ್ಕೆ ಮರದ ದಿಮ್ಮಿ, ಅದರಲ್ಲಿ ಒಂದು ದಪ್ಪ ಬೋಲ್ಟು. ಮೇಲಿನ ಕಾಲಿಗೆ ಪಾದ ಜೋಡಿಸುವುದು ಈ ಬೋಲ್ಟಿನಿಂದ. ಹಿಮ್ಮಡಿಗೊಂದು, ಮುಂಗಾಲಿಗೊಂದು ಸ್ಪಂಜು ರಬ್ಬರಿನ ತುಂಡು. ಹವಾಯಿ ಚಪ್ಪಲಿಯ ಅಟ್ಟೆಯ ಜಾತಿಯ ರಬ್ಬರ್ ಅಂತ ಇಟ್ಟುಕೊಳ್ಳಿ.

ಇವುಗಳ ಸುತ್ತ ಟೈರಿನೊಳಗೆ ಇರುವಂಥ ನೂಲು ಸೇರಿದ ರಬ್ಬರ್ ಹಾಳೆಯ ಪಟ್ಟಿಗಳನ್ನು ಬಿಗಿಯಾಗಿ ಸುತ್ತುತ್ತಾರೆ. ನಮ್ಮ ಪಾದದ ಎಲುಬುಗಳನ್ನು ನರದಂಥ ಪಟ್ಟಿಗಳು ಹಿಡಿದಿಟ್ಟ ಹಾಗೆ ಈ ನೂಲು ಮೂರು ತುಂಡುಗಳನ್ನೂ ಹಿಡಿದಿಡುತ್ತದೆ. ಬಾಗಲು ಬಿಡುತ್ತದೆ, ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಅದರ ಮೇಲೆ ಮೈಬಣ್ಣದ ರಬ್ಬರ್ ಹಾಳೆ, ಅಂಗಾಲಿಗೆ ಸವೆತ ತಡೆಯುವ ಟೈರಿನ ರಬ್ಬರು. ಇಷ್ಟನ್ನೂ ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚಿನೊಳಗಿಟ್ಟು, ಬಿಗಿದು, ಬೇಯಿಸುತ್ತಾರೆ. ಒಳಗೆ ರಬ್ಬರು ಮೆತ್ತಗಾಗಿ ಹರಿದು ಅಚ್ಚಿನ ಮೂಲೆ ಮೂಲೆ ಹೊಕ್ಕು ಬೆರಳು, ಉಗುರು ಎಲ್ಲ ಮೂಡುತ್ತದೆ. ಆರಿದ ಮೇಲೆ ತೆಗೆದು ಅಂಚಿನ ಹೆಚ್ಚುವರಿ ರಬ್ಬರ್ ಕತ್ತರಿಸಿದರೆ ಪಾದ ಸಿದ್ಧ. ಬೂಟು ಬೇಡ. ಬರಿಗಾಲಲ್ಲೇ ಕೆಸರಿಗೆ ಇಳಿಯಬಹುದು, ತೊಳೆದುಕೊಂಡು ಒಳಗೆ ಬರಬಹುದು.

ಜೈಪುರ ಕಾಲು ಬಳಕೆಗೆ ಬಂದದ್ದು 1968ರಲ್ಲಿ. ಶರ್ಮ, ಸೇಠಿಯವರ ಜೊತೆ ಡಾ. ಎಸ್. ಸಿ. ಕಾಸ್ಲಿವಾಲ್, ಡಾ. ಮಹೇಶ್ ಉದಾವತ್ ಅವರ ಹೆಸರೂ ಈ ಕೆಲಸಕ್ಕೆ ಸೇರುತ್ತದೆ.

ಈಗ ನಮ್ಮ ಐನೂರರ ಲೆಕ್ಕಕ್ಕೆ ಬನ್ನಿ. ಪಾದ ಅನ್ನುವುದು ಬ್ರಷ್ಷಿನ ಹಾಗಲ್ಲ. ಎಡ ಬೇರೆ, ಬಲ ಬೇರೆ. ಮಗುವಿನದು ಬೇರೆ, ಹೆಂಗಸಿನದು ಬೇರೆ, ಆಳೆತ್ತರದ ಗಂಡಸಿನದು ಬೇರೆ. ಒಂದೊಂದು ಅಳತೆಗೂ ಎರಡೆರಡು ಅಚ್ಚು ಬೇಕು, ಒಂದೊಂದರಿಂದ ತಿಂಗಳಿಗೆ ಬೇಕಾಗುವುದೋ ಕೆಲವೇ ಪಾದ. ಉಕ್ಕಿನ ಅಚ್ಚಿನ ದಾರಿ ಹಿಡಿದಿದ್ದರೆ ಒಂದು ಪಾದವೂ ಹೊರಬರುತ್ತಿರಲಿಲ್ಲವೇನೋ. ರಬ್ಬರ್ ಬೇಯಿಸಲು ಪ್ಲಾಸ್ಟಿಕ್ ಯಂತ್ರದಷ್ಟು ಒತ್ತಡ ಬೇಡ, ಹಾಗಾಗಿ ಅಚ್ಚಿಗೆ ಗಟ್ಟಿ ಉಕ್ಕೂ ಬೇಡ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಾತ್ರೆ ಎರಕ ಹೊಯ್ಯುವ ಊರಿನಲ್ಲೇ ಹೊಯ್ಯಬಹುದು, ಅರದಲ್ಲಿ ಉಜ್ಜಿ ಸರಿಮಾಡಬಹುದು. ಯಂತ್ರ ಮಾಡಬೇಕಾದ ಉಳಿದದ್ದನ್ನು ಕೈ ಮಾಡುತ್ತದೆ. ಕತ್ತರಿಸುವುದು, ಸುತ್ತುವುದು, ಅಂಟಿಸುವುದು ಎಲ್ಲ ಕೈಕೆಲಸ. ದೊಡ್ಡ ಕಾರ್ಖಾನೆ ಹಣವನ್ನು ಅಚ್ಚಿಗೆ ಸುರಿದು ಕೂಲಿ ಉಳಿಸುತ್ತದೆ. ಇವರು ಅಚ್ಚಿನಲ್ಲಿ ಉಳಿಸಿ ಕೂಲಿಗೆ ಕೊಟ್ಟರು. ಪೀಣ್ಯದಂಥ ಕಡೆ ಇವತ್ತು ನೂರು ಇನ್ನೂರು ತುಂಡು ಬೇಕಾದವರು ಅಲ್ಯೂಮಿನಿಯಂ ಅಚ್ಚನ್ನೋ ಸಿಲಿಕಾನ್ ರಬ್ಬರಿನ ಅಚ್ಚನ್ನೋ ಹಿಡಿಯುವುದು ಇದೇ ಲೆಕ್ಕದ ಮೇಲೆ.

ಮೇಲಿನ ಕಾಲಿನ ಕತೆಯೂ ಚೆನ್ನಾಗಿದೆ. ಮೊದಲು ಅಲ್ಯೂಮಿನಿಯಂ ತಗಡನ್ನು ಬಡಿದು ಕೊಳವೆ ಮಾಡುತ್ತಿದ್ದರು. ಆಮೇಲೆ ಎಚ್‌ಡಿಪಿಇ ಪೈಪಿಗೆ ಬಂದರು. ಹೌದು, ಹೊಲಕ್ಕೆ ನೀರು ಹಾಯಿಸುವ ಪೈಪಿನ ಜಾತಿಯದೇ. ಉಳಿದ ಮೊಂಡುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಳತೆ ತೆಗೆಯುತ್ತಾರೆ, ಅದರೊಳಗೆ ಪ್ಲಾಸ್ಟರ್ ಹೊಯ್ದು ಕಾಲಿನ ಪಡಿಯಚ್ಚು ಮಾಡುತ್ತಾರೆ. ಪೈಪನ್ನು ಒಲೆಯಲ್ಲಿ ಮೆತ್ತಗಾಗುವ ತನಕ ಕಾಯಿಸಿ ಆ ಪಡಿಯಚ್ಚಿನ ಮೇಲೆ ಎಳೆದು ತೊಡಿಸುತ್ತಾರೆ. ಆರಿದಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಇಲ್ಲಿ ಅಚ್ಚಿನಿಂದ ಬರುವುದು ಒಂದೇ ಒಂದು ತುಂಡು, ಒಬ್ಬರೇ ಒಬ್ಬರಿಗೆ. ಕೆಲಸ ಮುಗಿದ ಮೇಲೆ ಪ್ಲಾಸ್ಟರ್ ಒಡೆದು ಎಸೆಯುವುದು. ಅಚ್ಚಿನ ಖರ್ಚು ಇದಕ್ಕಿಂತ ಕೆಳಗೆ ಇಳಿಯಲಾರದು.

ಇಷ್ಟಾದರೂ ಮೊದಲ 7 ವರ್ಷಗಳಲ್ಲಿ ಕಾಲು ಸಿಕ್ಕಿದ್ದು ಸುಮಾರು 50 ಜನರಿಗೆ ಮಾತ್ರ. ವಿದ್ಯೆ ಆಸ್ಪತ್ರೆಯೊಳಗೇ ಇತ್ತು. 1975ರಲ್ಲಿ ಐಎಎಸ್ ಅಧಿಕಾರಿ ಡಿ. ಆರ್. ಮೆಹ್ತಾ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿದರು. ರಸ್ತೆ ಅಪಘಾತದಲ್ಲಿ ಅವರದೇ ಕಾಲು ತೆಗೆಯುವ ಹಂತಕ್ಕೆ ಹೋಗಿ ಉಳಿದಿತ್ತು. ಸಮಿತಿ ಕಾಲನ್ನು ಪುಕ್ಕಟೆ ಕೊಟ್ಟಿತು. ಬಂದವರಿಗೆ ಅಲ್ಲೇ ಉಳಿಯಲು ಜಾಗ, ಊಟ ಕೊಟ್ಟಿತು, ಆದಷ್ಟು ಬೇಗ ಕಾಲು ಜೋಡಿಸಿ ಕಳಿಸುವ ಪದ್ಧತಿ ಮಾಡಿತು. ದೂರದ ಊರಿನಿಂದ ಬಂದವರಿಗೆ ಮುಂದಿನ ತಿಂಗಳು ಬನ್ನಿ ಅಂದರೆ ಏನಾಗುತ್ತದೆ ಅಂತ ನಮಗೆ ಗೊತ್ತೇ ಇದೆ. ಆಮೇಲೆ ಲಕ್ಷಗಟ್ಟಲೆ ಜನರಿಗೆ ಕಾಲು ಸಿಕ್ಕಿತು. ನೆಲಬಾಂಬಿಗೆ ಕಾಲು ಕಳೆದುಕೊಂಡವರ ದೇಶ ಅಫ್ಘಾನಿಸ್ತಾನಕ್ಕೂ ಹೋಯಿತು. ಪೇಟೆಂಟ್ ತೆಗೆದಿರಲಿಲ್ಲವಾದ್ದರಿಂದ ಬೇರೆಯವರು ಕಲಿತು ಮಾಡಲು ಅಡ್ಡಿ ಇರಲಿಲ್ಲ. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡ ಸುಧಾ ಚಂದ್ರನ್ ಈ ಪಾದ ಹಾಕಿಕೊಂಡೇ ಮತ್ತೆ ಭರತನಾಟ್ಯಕ್ಕೆ ಇಳಿದರು. 1985ರಲ್ಲಿ ತೆಲುಗಿನ ಮಯೂರಿ ಸಿನಿಮಾದಲ್ಲಿ ತಮ್ಮ ಪಾತ್ರ ತಾವೇ ಮಾಡಿದರು.

1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಡಾ. ಸೇಠಿಯವರಿಗೆ. ಅವರು ಅದಕ್ಕೆ ಅರ್ಹರೇ. ರೋಗಿ ಕಾಲನ್ನು ಯಾಕೆ ಬಿಸಾಕಿದ ಅಂತ ಕೇಳಿದ ವೈದ್ಯರು ಎಷ್ಟು ಜನ? ಆದರೆ ಅಚ್ಚಿನೊಳಗೆ ಯಾವ ರಬ್ಬರಿನ ಮೇಲೆ ಯಾವ ರಬ್ಬರು ಅಂತ ಕೈಯಾರೆ ಜೋಡಿಸಿದ ಶರ್ಮರಿಗೆ ಅಂಥ ಹೆಸರು ಬರಲಿಲ್ಲ. ಕೈಕೆಲಸದವರ ಹೆಸರು ಎರಡನೇ ಸಾಲಿಗೆ ಹೋಗುವುದು ನಮ್ಮ ಕಡೆ ಹೊಸತಲ್ಲ, ಆದರೂ ಹೇಳದೆ ಬಿಡುವುದು ಸರಿಯಲ್ಲ ಅನ್ನಿಸಿತು.

ಇನ್ನು ಈ ಪಾದದ ದೋಷ. ಹೆದ್ದಾರಿ ಪಕ್ಕದಲ್ಲಿ ಹಾವಿನ ಪೊರೆಯ ಹಾಗೆ ಬಿದ್ದಿರುವ ರಿಸೋಲ್ ಟೈರಿನ ಪಟ್ಟಿಗಳನ್ನು ಕಂಡಿದ್ದೀರಲ್ಲ? ಮೇಲಚ್ಚಿನ ಯಾವ ವಸ್ತುವಿಗೂ ಅದೇ ಗಂಡಾಂತರ. ಎರಡು ವಸ್ತು ಕೂಡುವ ಜಾಗದಲ್ಲೇ ಅದು ಸೋಲುತ್ತದೆ. ರಬ್ಬರಿಗೆ ರಬ್ಬರ್ ಬೆಂದು ಕೂಡುತ್ತದೆ, ಮರಕ್ಕೆ ಹಾಗೆ ಕೂಡುವುದಿಲ್ಲ. ಎಲ್ಲೋ ಸೀಳು ಬಿಟ್ಟು ನೀರು ಒಳಗೆ ಹೋದರೆ ಮರ ಉಬ್ಬುತ್ತದೆ, ಬೋಲ್ಟು ಸಡಿಲವಾಗುತ್ತದೆ. ಜೊತೆಗೆ ಕೈಕೆಲಸವಾದ್ದರಿಂದ ಒಂದು ಪಾದದ ಹಾಗೆ ಇನ್ನೊಂದು ಇರುವುದಿಲ್ಲ. ಒಬ್ಬರು ಬಿಗಿಯಾಗಿ ಸುತ್ತುತ್ತಾರೆ, ಇನ್ನೊಬ್ಬರು ಸಡಿಲ ಸುತ್ತುತ್ತಾರೆ. ರಬ್ಬರಾದ್ದರಿಂದ ತೂಕವೂ ಜಾಸ್ತಿ.

ಇದಕ್ಕೇ 2000ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ ಪಾಲಿಯುರಿಥೇನ್ ಪಾದದ ತಂತ್ರವನ್ನು ಜೈಪುರದ ಸಮಿತಿಗೆ ಕೊಟ್ಟಿತು. ಎರಡು ದ್ರವಗಳನ್ನು ಬೆರೆಸಿ ಅಚ್ಚಿಗೆ ಹೊಯ್ದರೆ ನೊರೆಯಾಗಿ ಉಬ್ಬಿ, ಒಳಗೆ ಇಟ್ಟಿರುವ ಗಟ್ಟಿ ತುಂಡಿನ ಸುತ್ತ ಹರಡಿ ಗಟ್ಟಿಯಾಗುತ್ತದೆ. ಹಗುರ, ಬೇಗ ಆಗುತ್ತದೆ, ಒಂದರ ಹಾಗೆ ಇನ್ನೊಂದು ಬರುತ್ತದೆ. ಆದರೆ ಪಾಲಿಯುರಿಥೇನಿಗೂ ಒಂದು ರೋಗವಿದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಶೂ ತೆಗೆದು ಹಾಕಿಕೊಂಡಾಗ ಅಟ್ಟೆ ರೊಟ್ಟಿಯ ಹಾಗೆ ಪುಡಿಯಾಗಿ ಉದುರಿದ್ದು ನೋಡಿದ್ದೀರಾ? ಅದರ ಕೆಲವು ಬಗೆಗಳನ್ನು ಬಿಸಿಲು ಮತ್ತು ತೇವ ಸೇರಿ ಒಳಗಿಂದ ತಿನ್ನುತ್ತವೆ. ಮಲೆನಾಡು, ಕರಾವಳಿಯವರು ಇದನ್ನು ಗಮನಿಸಬೇಕು. ಸವೆತಕ್ಕೆ, ಕೆಸರಿಗೆ, ಉಳುಮೆಯ ನೆಲಕ್ಕೆ ಹಳೇ ರಬ್ಬರಿನ ಪಾದವೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಹಗುರ ಬೇಕಾದ ವಯಸ್ಸಾದವರಿಗೆ, ಮನೆಯ ಆಸುಪಾಸಿನಲ್ಲೇ ಓಡಾಡುವವರಿಗೆ ಮತ್ತೊಂದು ಸರಿಹೋಗಬಹುದು.

ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಯಾರಾದರೂ ಶಿಬಿರಕ್ಕೆ ಹೋಗುವವರಿದ್ದರೆ ಅಲ್ಲಿ ನಾಲ್ಕು ಮಾತು ಕೇಳಿಕೊಂಡು ಬರಲು ಹೇಳಿ. ಪಾದ ರಬ್ಬರಿನದೋ ಪಾಲಿಯುರಿಥೇನಿನದೋ? ಬೋಲ್ಟು ಸಡಿಲವಾದರೆ ಬಿಗಿಯುವವರು ಹತ್ತಿರದಲ್ಲಿ ಎಲ್ಲಿದ್ದಾರೆ? ಮೊಂಡುಗಾಲು ಕಾಲಕ್ರಮೇಣ ಸಣ್ಣಗಾಗುತ್ತದೆ, ಆಗ ಮೇಲಿನ ಪೈಪು ಸಡಿಲವಾಗಿ ಚರ್ಮ ಉಜ್ಜುತ್ತದೆ. ಹೊಸ ಅಳತೆ ತೆಗೆಯಲು ಮತ್ತೆ ಯಾವಾಗ, ಎಲ್ಲಿ ಬರಬೇಕು? ಶಿಬಿರದವರ ಫೋನ್ ನಂಬರ್ ಏನು? ಅಂಗಾಲಿನ ಅಂಚು ಬಾಯಿ ಬಿಟ್ಟಿದ್ದು ಕಂಡರೆ ನೀರಿಗೆ ಇಳಿಯುವ ಮುಂಚೆ ತೋರಿಸಬೇಕು. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರು ಪೈಪಿನೊಳಗಿನ ಚರ್ಮವನ್ನು ದಿನಾ ರಾತ್ರಿ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಅವರಿಗೆ ಗಾಯ ಆದದ್ದು ನೋವಿನಿಂದ ಗೊತ್ತಾಗುವುದಿಲ್ಲ.